ರೊಟ್ಟಿ ಲೆಕ್ಕ

ಹೋದ ವಾರ ಬೀಳಗಿಯಿಂದ ನನ್ನ ತಂಗಿ ಮಗಳು ಫೋನ್ ಮಾಡಿದ್ಲು. ಆಕಿಗೆ ಮನ್ಯಾಗ ಕುಂತು ಹಿಂಡಿ, ಹಪ್ಪಳ, ಶೇಂಗಾ ಹೋಳಿಗಿ ಮಾಡಿ ಮಾರೂ ವಿಚಾರ ಬಂದೈತಂತ. "ದೊಡ್ಡವ್ವ, ನೀ ಹದಿನೈದು ವರ್ಷದ ಮ್ಯಾಲಾತು ರೊಟ್ಟಿ ಮಾರಾಕತ್ತು. ಮನಿ, ಮಕ್ಕಳು, ವ್ಯಾಪಾರ ಎಲ್ಲಾ ಹೆಂಗ ಸಂಬಾಳಿಸಿದಿ? ನನಗೂ ಸ್ವಲ್ಪ ಹೇಳಿಕೊಡು" ಅಂದ್ಲು. ನಾನೂ ಹುರುಪಿನಿಂದ, "ಏನಿಲ್ಲವಾ, ಮುಂಜಾನಿ ಲಗೂನ ಏಳಬೇಕು, ಅಷ್ಟ" ಅಂತ ಹೇಳಿ ನಕ್ಕು ಫೋನ್ ಇಟ್ಟೆ.

ಇಟ್ಟ ಮ್ಯಾಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಯಾಕಂದ್ರ ಅದು ಅರ್ಧ ಸುಳ್ಳು. ನಾ ಎಲ್ಲಾ ಸಂಬಾಳಿಸಲಿಲ್ಲ. ಕೆಲವು ಕೈ ಜಾರಿದವು. ಅದನ್ನ ಹೇಳದ ಬರೇ ಲಗೂನ ಏಳೂ ಮಾತು ಹೇಳಿದ್ರ ಆ ಹುಡುಗಿಗೆ ಮೋಸ ಮಾಡಿಧಂಗ. ಅದಕ್ಕ ಇವತ್ತು ಮಧ್ಯಾಹ್ನ ಒಲಿ ಆರಿಸಿ ಬರಿಯಾಕ ಕುಂತೀನಿ. ಓಣ್ಯಾನ ಅಕ್ಕಂದಿರು, ನಾದಿನೇರು, ತಂಗೇರು ಎಲ್ಲಾರೂ ಓದ್ರಿ. ಓದಿ ಬೈಯೂದಿದ್ರ ಮನಿಗೆ ಬಂದು ಬೈರಿ, ಚಾ ಕುಡಕೊಂಡು ಹೋದ್ರಾತು.

ಮೊದಲ ನಮ್ಮ ತವರುಮನಿ ಮಾತು ಹೇಳತೀನಿ. ನಾ ಹುಟ್ಟಿದ್ದು ಬನಹಟ್ಟಿ. ರಬಕವಿ, ಬನಹಟ್ಟಿ ಅಂದ್ರ ನಿಮಗೆಲ್ಲಾ ಗೊತ್ತಲ್ಲ, ಮಗ್ಗದ ಊರು. ಈಗ ಓಣಿ ತುಂಬ ಪಾವರ್‌ಲೂಮ್ ಖಟ ಖಟ ಅಂತಾವ. ನಾ ಸಣ್ಣಾಕಿ ಇದ್ದಾಗ ನಮ್ಮ ಮನ್ಯಾಗ ಕೈಮಗ್ಗ ಇತ್ತು. ಅಪ್ಪ ತಗ್ಗಿನ್ಯಾಗ ಕಾಲು ಇಳಿಬಿಟ್ಟು ಕುಂತು ಲಾಳಿ ಹೊಡಿತಿದ್ದ. ಅವ್ವ ಮೂಲ್ಯಾಗ ರಾಟಿ ಮುಂದ ಕುಂತು ಕಂಡಿಕಿ ಸುತ್ತುತಿದ್ಲು. ಕಂಡಿಕಿ ಸುತ್ತಲಿಲ್ಲಂದ್ರ ಲಾಳಿಗೆ ನೂಲಿಲ್ಲ, ಲಾಳಿಗೆ ನೂಲಿಲ್ಲಂದ್ರ ಮಗ್ಗ ನಿಂತಂಗ. ಆಕಿ ರೊಟ್ಟಿ ಮಾಡತಿದ್ಲು, ಬಂದು ಸುತ್ತತಿದ್ಲು. ನೀರು ತರತಿದ್ಲು, ಬಂದು ಸುತ್ತತಿದ್ಲು. ನಮ್ಮ ತಮ್ಮನ್ನ ತೊಡಿಮ್ಯಾಲೆ ಮಲಗಿಸಿಕೊಂಡೂ ಸುತ್ತತಿದ್ಲು. ಸೀರಿ ಮುಗದ ಮ್ಯಾಲೆ ಅಪ್ಪ ಅದನ್ನ ಮಡಚಿ ಸಾವಕಾರ್ರ ಅಂಗಡಿಗೆ ಒಯ್ಯತಿದ್ದ. ಸೀರಿಗಿಷ್ಟು ಅಂತ ಮಜೂರಿ ಅಪ್ಪನ ಕೈಗೆ ಬರತಿತ್ತು.

1981ರಾಗ ಜನಗಣತಿ ಬಂತು. ನನಗಾಗ ಹತ್ತು ವರ್ಷ. ಕನ್ನಡ ಸಾಲಿ ಮಾಸ್ತರ್ರು ದೊಡ್ಡ ಹಾಳಿ ಹಿಡಕೊಂಡು ನಮ್ಮ ಕಟ್ಟಿಮ್ಯಾಲೆ ಕುಂತಿದ್ರು. "ನಿಮ್ಮ ಉದ್ಯೋಗ?" ಅಂತ ಅಪ್ಪನ್ನ ಕೇಳಿದ್ರು. "ನೇಕಾರಿಕಿ ರಿ" ಅಂದ. "ನಿಮ್ಮ ಮನಿಯಾಕೀದು?" ಅಂದ್ರು. ಅಪ್ಪ ಒಳಗ ಹಣಿಕಿ ಹಾಕೂದೂ ಮಾಡಲಿಲ್ಲ. "ಆಕಿ ಮನ್ಯಾಗ ಇರತಾಳ್ರಿ, ಏನೂ ಮಾಡೂದಿಲ್ಲ" ಅಂದ. ಒಳಗ ರಾಟಿ ಗುಂಯ್ ಅಂತ ತಿರಗೂ ಸಪ್ಪಳ ಮಾಸ್ತರ್ರಿಗೂ ಕೇಳಸತಿತ್ತು, ನನಗೂ ಕೇಳಸತಿತ್ತು. ಅವ್ವಗೂ ಅಪ್ಪನ ಮಾತು ಕೇಳಿಸಿರಬೇಕು. ರಾಟಿ ಮಾತ್ರ ನಿಲ್ಲಲಿಲ್ಲ.

ನಮ್ಮಪ್ಪ ಕೆಟ್ಟ ಮನಿಷ್ಯಾ ಅಲ್ಲ. ಕುಡಿಯೂದು, ಹೊಡಿಯೂದು ಒಂದೂ ಇರಲಿಲ್ಲ. ಅಂವಗ ಖರೇನ ಹಂಗ ಅನಸಿತ್ತು, ಆಕಿ ಏನೂ ಮಾಡೂದಿಲ್ಲಂತ. ಈ ಮಾತು ನೆನಪಿನ್ಯಾಗ ಇಟ್ಟುಕೊಳ್ರಿ, ಮುಂದ ಬೇಕಾಗತೈತಿ.

ನಾ ಪಿಯುಸಿ ಮುಗಸಿದ್ದು 1989ರಾಗ. ಮರುವರ್ಷ ಮದುವಿ ಆಗಿ ಮುಧೋಳಕ್ಕ ಬಂದೆ. ಕವಿ ರನ್ನ ಹುಟ್ಟಿದ ಊರಂತ ಸಾಲ್ಯಾಗ ಓದಿದ್ದೆ. ಬಂದು ನೋಡಿದ್ರ ನಾಕೂ ದಿಕ್ಕಿಗೆ ಕಬ್ಬು. ನಮ್ಮ ಮನಿಯವ್ರು ಒಂದು ಸಕ್ಕರಿ ಕಾರ್ಖಾನಿಯೊಳಗ ಸೀಜನ್ ಕೆಲಸಗಾರ್ರು. ಕಬ್ಬು ನುರಸೂ ಹಂಗಾಮಿನ್ಯಾಗ ಪೂರಾ ಪಗಾರ. ಹಂಗಾಮು ಮುಗೀತಂದ್ರ ಅರ್ಧಮರ್ಧ, ಒಮ್ಮೊಮ್ಮಿ ಅದೂ ಇಲ್ಲ. ಬೇಸಗಿ ಬಂತಂದ್ರ ಕಿರಾಣಿ ಅಂಗಡಿ ಉದ್ರಿ ವಹಿ ದಪ್ಪ ಆಗತಿತ್ತು. 2009ರಾಗಂತೂ ಬರೂ ಪಗಾರ ನಾಕು ತಿಂಗಳು ತಡಾ ಆತು. ಮಗ ಹತ್ತನೇತ್ತಾ ಮುಗಿಸಿದ್ದ, ಮಗಳು ನಾಕನೇತ್ತಾ. ಫೀ ಕಟ್ಟಬೇಕು. ಕಿವ್ಯಾನ ಬೆಂಡೋಲಿ ಅಡವಿಟ್ಟೆ.

ಅದ ಟೈಮಿಗೆ ನಮ್ಮ ಓಣಿಯ ಮಾಸ್ತರ್ರ ಮನಿಯೊಳಗ ವಾಸ್ತುಶಾಂತಿ ಬಂತು. ಮುನ್ನೂರು ಕಟಕ ರೊಟ್ಟಿ ಬೇಕಾಗಿದ್ವು. ಮಾಡೂ ಮುದುಕಿ ಆರಾಮ ಇರಲಿಲ್ಲಂತ ಅವರ ಮನಿಯಾಕಿ ನಮ್ಮ ಅತ್ತೀನ್ನ ಕೇಳಾಕ ಬಂದ್ಲು. ನಮ್ಮ ಅತ್ತಿ ಕೈ ರೊಟ್ಟಿ ಅಂದ್ರ ಓಣ್ಯಾಗ ಹೆಸರಾಗಿತ್ತು. ಹಾಳಿಹಂಗ ತೆಳ್ಳಗ, ಅಂಚಿನ ತನಕ ಒಂದ ಸಮ. ಅತ್ತಿ ನನ್ನ ಮುಖ ನೋಡಿದ್ಲು, ನಾ ಅತ್ತಿ ಮುಖ ನೋಡಿದೆ. ರಾತ್ರಿ ನಮ್ಮ ಮನಿಯವ್ರಿಗೆ ಹೇಳಿದ್ರ, "ರೊಟ್ಟಿ ಮಾರತೀರೇನು? ಮಂದಿ ಏನಂದಾರು? ಹೆಂಡತಿಗೆ ಹಾಕಾಕ ಆಗೂದಿಲ್ಲ ಇವಂಗ ಅಂತಾರ" ಅಂದ್ರು. ಅತ್ತಿ ತಾಟಿನ್ಯಾಗ ರೊಟ್ಟಿ ಹಾಕಿಕೋತ, "ಮಂದಿ ಅನ್ನೂದು ಅಂತಾರ, ಉದ್ರಿ ಕೊಟ್ಟ ಅಂಗಡ್ಯಾಂವ ಮನಿ ಮುಂದ ನಿಂತು ಅನ್ನೂದು ಕೇಳಾಕ ನನಗ ಆಗೂದಿಲ್ಲಪಾ" ಅಂದ್ಲು. ಮಾತು ಅಲ್ಲಿಗೇ ಮುಗೀತು.

ಹಿಂಗ ಸುರು ಆತು. ಸ್ತ್ರೀಶಕ್ತಿ ಸಂಘದಿಂದ ಐದು ಸಾವಿರ ಸಾಲ ತಗೊಂಡು ಎರಡು ದೊಡ್ಡ ಹಂಚು, ಒಂದು ಕಟ್ಟಿಗಿ ಒಲಿ, ಎರಡು ಚೀಲ ಬಿಳಿಜ್ವಾಳ ತಂದ್ವಿ. ಮಾಲದಂಡಿ ಜ್ವಾಳಾನ ಬೇಕು ನಮ್ಮ ಅತ್ತಿಗೆ. ಎರಿ ಹೊಲದಾಗ ಹಿಂಗಾರಿ ಬೆಳದ ಜ್ವಾಳದ ರುಚಿ ಬ್ಯಾರೆ ಅಂತಾಳ. ಗೋದಿ ಹಿಟ್ಟಿಗಿರೂ ಜಿಗುಟು ಜ್ವಾಳದ ಹಿಟ್ಟಿಗೆ ಇರೂದಿಲ್ಲಲ್ಲ, ಅದಕ್ಕ ಕುದಿಯೂ ಎಸರು ಹಾಕಿ ನಾದಬೇಕು. ಹಿಟ್ಟು ಹೊಸಾದ ಇರಬೇಕು. ಬೀಸಿ ಹದಿನೈದು ದಿನ ಇಟ್ಟ ಹಿಟ್ಟಾದ್ರ ಬಡಿಯಾಗ ಅಂಚು ಸೀಳತೈತಿ. ಅದಕ್ಕ ಎರಡು ದಿನಕ್ಕೊಮ್ಮಿ ಗಿರಣಿಗೆ ಹೋಗೂದು. ಒಂದು ಕಿಲೋಕ್ಕ ನಮ್ಮ ಕೈಯಾಗ ಹದಿನಾರು ಹದಿನೇಳು ರೊಟ್ಟಿ ಆಗತಾವ. ಬೇಯಿಸಿ, ಹಂಚಿನ ಬಾಜೂಕ ನಿಲ್ಲಿಸಿ ಪೂರಾ ಒಣಗಿಸಿ, ಅರವಿ ಹಾಸಿದ ಬುಟ್ಟಿಯೊಳಗ ಇಟ್ರ ತಿಂಗಳಾನಗಟ್ಟಲೆ ಕೆಡೂದಿಲ್ಲ. ಮಳಿಗಾಲದಾಗ ಮಾತ್ರ ಗಾಳಿ ತಾಕಿದ್ರ ಮೆತ್ತಗ ಆಗತಾವ.

ಮುಧೋಳದಾಗ ಖಾನಾವಳಿಗಳು, ಮದುವಿ ಮನಿಗಳು, ಜಮಖಂಡಿಗೆ ಹೋಗಿ ರೂಮ್ ಮಾಡಿಕೊಂಡು ಓದೂ ಹುಡುಗೂರು, ಪುಣೆ, ಬೆಂಗಳೂರಿಗೆ ಹೋಗೂ ಮಕ್ಕಳಿಗೆ ಬುತ್ತಿ ಕಟ್ಟೂ ತಾಯಂದಿರು, ಹಿಂಗ ಗಿರಾಕಿ ಬೆಳದ್ವು. ಮೂರು ವರ್ಷದಾಗ ದಿನಾ ಇನ್ನೂರು ರೊಟ್ಟಿ ಆದ್ವು. ಬೆಂಡೋಲಿ ಬಿಡಿಸಿಕೊಂಡೆ. ಉದ್ರಿ ವಹಿ ಹರದು ಒಲಿಗೆ ಹಾಕಿದೆ.

ಇಲ್ಲೀತನಕ ಕೇಳಿದ್ರ ಎಲ್ಲಾರೂ ಭೇಷ್ ಅಂತಾರ. ಮುಂದಿಂದು ಹೇಳತೀನಿ.

ಮನ್ಯಾಗ ಒಂದು ರೂಢಿ ಬಿದ್ದುಬಿಟ್ಟಿತ್ತು. ಇಡೀ ರೊಟ್ಟಿ ಎಲ್ಲಾ ಬುಟ್ಟಿಗೆ. ಮುರದದ್ದು, ಕರಕಾದದ್ದು, ಅಂಚು ಸೀಳಿದ್ದು ಮನಿಗೆ. ನನಗ ಅದು ಜಾಣತನ ಅನಸಿತ್ತು, ಯಾವುದೂ ಹಾಳಾಗಲಿಲ್ಲಲ್ಲ ಅಂತ. ಒಮ್ಮಿ ಮಹಾಲಿಂಗಪುರದಾಗ ಬೀಗರ ಮದುವಿಗೆ ಹೋಗಿದ್ವಿ. ಪಂಗ್ತಿಯೊಳಗ ಎಲಿಗೆ ರೊಟ್ಟಿ ಬಡಿಸಿದ್ರು. ಹನ್ನೆರಡು ವರ್ಷದ ನನ್ನ ಮಗಳು ಅದನ್ನ ಎರಡೂ ಕೈಲೆ ಎತ್ತಿ ಹಿಡದು, "ಅವ್ವಾ, ನೋಡಿಲ್ಲಿ, ಇಡೀ ರೊಟ್ಟಿ!" ಅಂದ್ಲು. ಬಾಜೂಕ ಕುಂತ ಹೆಣ್ಣಮಕ್ಕಳು ನಕ್ಕರು. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲೆ ಮತ್ತ ಅದ ರೂಢಿ.

ಮಗ ಡಿಪ್ಲೊಮಾ ಓದಾಕ ಹೊರಗ ಹೋದ. ಉಳದಾಕಿ ಮಗಳು. ಆಕಿ ಪಿಯುಸಿ ಸೈನ್ಸ್‌ಗೆ ಹಚ್ಚಿದ್ಲು. ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಬಿ.ಎಸ್ಸಿ. ಅಗ್ರಿ ಮಾಡಬೇಕಂತ ಆಕಿ ಆಸೆ. ದಿನಾ ಮುಂಜಾನಿ ಐದಕ್ಕ ಎದ್ದು ಏಳೂವರಿ ತನಕ ನಾ ಬಡಿತಿದ್ದೆ, ಅತ್ತಿ ಹಿಟ್ಟು ನಾದಿ ಕೊಡತಿದ್ಲು, ಮಗಳು ಬೇಯಿಸ್ತಿದ್ಲು. ಸಂಜಿಕೆ ಕಾಲೇಜಿನಿಂದ ಬಂದು ಹತ್ತತ್ತು ಎಣಿಸಿ ಕವರಿಗೆ ಹಾಕಿ, ವಹಿ ಬರದು, ಆಮ್ಯಾಲೆ ಪುಸ್ತಕ. ನಾ ಯಾರ ಮುಂದ ಕುಂತ್ರೂ ಹೇಳತಿದ್ದೆ, "ನನ್ನ ಮಗಳು ಭಾಳ ಶಾಣ್ಯಾಕಿ, ಎರಡೂ ಮಾಡತಾಳ" ಅಂತ. ಆಕಿಗೆ ಆಗತೈತೇನು ಅಂತ ಒಂದ ದಿನ ಕೇಳಲಿಲ್ಲ.

2017ರ ಮಾರ್ಚ್. ಪಿಯುಸಿ ಪರೀಕ್ಷಾನೂ ಅವಾಗ, ಮದುವಿ ಸೀಜನ್ನೂ ಅವಾಗ. ದೊಡ್ಡ ಮನಿತನದ ಮದುವಿಗೆ 800 ರೊಟ್ಟಿ ಆರ್ಡರ್ ಬಂತು. ಅವತ್ತಿನ ಮರುದಿನ ಆಕಿದು ಕೆಮಿಸ್ಟ್ರಿ ಪೇಪರ್. ಹೊರಗಿನವರು ಯಾರನ್ನಾದ್ರೂ ಕರೀಬೇಕಂತ ಅತ್ತಿ ಅಂದ್ಲು. ಕರದ್ರ ಕೂಲಿ ಕೊಡಬೇಕು, ಲಾಭ ಹೋಗತೈತಿ ಅಂದೆ ನಾನು. ಈ ಮಾತು ನನ್ನ ಬಾಯಿಂದ ಬಂದದ್ದು ನನಗ ಇವತ್ತಿಗೂ ನೆನಪೈತಿ. ರಾತ್ರಿ ಹನ್ನೊಂದರ ತನಕ ಮಗಳು ಹಂಚಿನ ಮುಂದ ಕುಂತ್ಲು. ತೊಡಿಮ್ಯಾಲೆ ಪುಸ್ತಕ ಇತ್ತು. ಬೆಂಕಿ ಝಳಕ್ಕ ಹಾಳಿ ಮುದುಡಿದ್ವು.

ಮೇ ತಿಂಗಳಾಗ ರಿಸಲ್ಟ್ ಬಂತು. ಎಲ್ಲಾದ್ರಾಗೂ ಪಾಸ್, ಕೆಮಿಸ್ಟ್ರಿ ಒಂದು ನಪಾಸ್.

ಅವತ್ತು ನಾ ಏನ್ ಮಾಡಬೇಕಾಗಿತ್ತು? ಆಕಿ ಹತ್ರ ಕುಂತು ತಲಿಮ್ಯಾಲೆ ಕೈ ಆಡಿಸಬೇಕಾಗಿತ್ತು. ನಾ ಏನ್ ಮಾಡಿದೆ ಅಂದ್ರ, "ನಿಮ್ಮ ಸಲುವಾಗಿ ನಸುಕಿನ್ಯಾಗ ಎದ್ದು ಕೈ ಸುಟ್ಟುಕೊಂಡು ದುಡಿತೀನಿ, ನಿಮಗ ಓದಾಕ ಏನ್ ದಾಡಿ ಆಗಿತ್ತು" ಅಂತ ಒದರಾಡಿದೆ. ಆಕಿ ಅಳಲಿಲ್ಲ. ಎದ್ದು ಹೋಗಿ ಮಾಡದಾಗಿನ ವಹಿ ತಂದು ನನ್ನ ಮುಂದ ತಗದು ಕುಂತ್ಲು.

"ಅವ್ವಾ, ಇವತ್ತಿಂದು ಒಂದ ದಿನದ ಲೆಕ್ಕ ಮಾಡೂಣು ಬಾ" ಅಂದ್ಲು. ಇನ್ನೂರು ರೊಟ್ಟಿಗೆ ಹನ್ನೆರಡು ಕಿಲೋ ಜ್ವಾಳ, ಕಿಲೋಕ್ಕ 28ರ ಪ್ರಕಾರ 336. ಗಿರಣಿ 48. ಗ್ಯಾಸು, ಕಟ್ಟಿಗಿ ಕೂಡಿ 90. ಎಳ್ಳು, ಕವರು 26. ಒಟ್ಟು 500. ರೊಟ್ಟಿಗೆ 4 ರೂಪಾಯಿ ಹಂಗ ಇನ್ನೂರಕ್ಕ 800. ಉಳದದ್ದು 300. "ಇದನ್ನ ನೀ ಲಾಭ ಅಂತ ಬರಸೀದಿ" ಅಂದ್ಲು. ಹೌದು ಅಂದೆ.

"ಈಗ ಹೊಲಕ್ಕ ಕಳೆ ತಗಿಯಾಕ ಹೋಗೂ ಹೆಣ್ಣಾಳಿಗೆ ಎಷ್ಟು ಕೂಲಿ?"

"150."

"ನೀ ದಿನಪೂರ್ತಿ ದುಡಿತಿ, 150. ಆಯಿ ಅರ್ಧ ದಿನ, 75. ನಾ ಅರ್ಧ ದಿನ, 75. ಕೂಡಿಸು."

ಕೂಡಿಸಿದೆ. 300 ಆತು.

"ಲಾಭ ಎಲ್ಲೈತಿ ಅವ್ವಾ? ಇದು ಲಾಭ ಅಲ್ಲ, ನಮ್ಮ ಮೂರೂ ಮಂದಿ ಕೂಲಿ. ಎಂಟು ವರ್ಷ ಆತು, ಜ್ವಾಳದ ಹೆಸರು ಬರದೀದಿ, ಕಟ್ಟಿಗಿ ಹೆಸರು ಬರದೀದಿ, ಎಳ್ಳಿನ ಹೆಸರೂ ಬರದೀದಿ. ಆಯಿ ಹೆಸರು ಒಂದ ಸಾಲಿನ್ಯಾಗ ಇಲ್ಲ. ನನ್ನ ಹೆಸರೂ ಇಲ್ಲ." ಹಿಂಗಂದು ವಹಿ ಮುಚ್ಚಿ ಹೊರಗ ಹೋಗಿ ಕಟ್ಟಿಮ್ಯಾಲೆ ಕುಂತ್ಲು.

ನನ್ನ ಕಿವಿಯೊಳಗ ರಾಟಿ ಸಪ್ಪಳ ಬಂದಂಗ ಆತು ನೋಡ್ರಿ. ಕಟ್ಟಿಮ್ಯಾಲೆ ಕುಂತ ಮಾಸ್ತರ್ರು, ಅಪ್ಪನ ಮಾತು, ಒಳಗ ಅವ್ವ. ಹತ್ತು ವರ್ಷದಾಕಿ ಇದ್ದಾಗ ಅಪ್ಪನ ಮ್ಯಾಲೆ ಸಿಟ್ಟು ಬಂದಿತ್ತು. ನಾ ಹಂಗ ಆಗೂದಿಲ್ಲ, ನಾ ಓದತೀನಿ, ನನ್ನ ದುಡಿಮಿಗೆ ಹೆಸರು ಇರತೈತಿ ಅಂದುಕೊಂಡಿದ್ದೆ. ನನಗ ಹೆಸರು ಬಂದಿತ್ತು ಖರೆ, ಓಣಿ ತುಂಬ ರೊಟ್ಟಿ ಅಕ್ಕ ಅಂತಿದ್ರು. ಒಳಗ ರಾಟಿ ತಿರಗಸೂ ಪಾಳಿ ಮಾತ್ರ ಅತ್ತೀಗೆ, ಮಗಳಿಗೆ ಹಚ್ಚಿದ್ದೆ. ನಮ್ಮವ್ವ ಅಷ್ಟೊತ್ತಿಗೆ ತೀರಿಕೊಂಡು ಮೂರು ವರ್ಷ ಆಗಿತ್ತು. ಇದ್ದಿದ್ರ ಅವತ್ತ ಬಸ್ ಹತ್ತಿ ಬನಹಟ್ಟಿಗೆ ಹೋಗಿ ಆಕಿ ಕಾಲು ಹಿಡಿತಿದ್ದೆ.

ಮಗಳು ಮರುಪರೀಕ್ಷಾ ಬರದು ಪಾಸಾದ್ಲು. ಅಗ್ರಿ ಸೀಟು ಮಾತ್ರ ಕೈಗೆ ಹತ್ತಲಿಲ್ಲ. ಬಿ.ಕಾಂ.ಗೆ ಹಚ್ಚಿದ್ಲು. ಇದು ನಾ ತಿದ್ದಾಕ ಆಗದ ತಪ್ಪು. ಮುಂದ ಏನು ಚಲೋ ಆದ್ರೂ ಅದು ಆದಂಗ ಐತಿ.

ತಿದ್ದಾಕ ಆಗೂವಂಥಾವು ಕೆಲವು ಇದ್ದವು. ಅವನ್ನ ಅದ ವಾರ ತಿದ್ದಿದ್ವಿ. ವಹಿಯೊಳಗ ಹೊಸಾ ಕಾಲಂ ಹಾಕಿದ್ಲು ಮಗಳು. ಯಾರು ಕೈ ಹಚ್ಚತಾರೋ ಅವರ ಹೆಸರು, ಎಷ್ಟು ತಾಸು, ಎಷ್ಟು ಕೂಲಿ. ಶನಿವಾರಕ್ಕೊಮ್ಮಿ ರೊಕ್ಕ ಅವರವರ ಕೈಗೆ. ಅತ್ತಿ ಮೊದಲ, "ನನಗ ಎದಕಬೇ ಕೂಲಿ, ನಾ ಏನು ಆಳಮಗಳೇನು?" ಅಂತ ಸಿಟ್ಟಾದ್ಲು. ಎರಡು ವಾರ ರೊಕ್ಕ ಮುಟ್ಟಲಿಲ್ಲ. ಮೂರನೇ ವಾರ ಸುಮ್ಮನ ತಗೊಂಡು ಸೊಂಟದ ಚೀಲಕ್ಕ ಹಾಕಿಕೊಂಡ್ಲು. ಆ ವರ್ಷ ಪಂಚಮಿಗೆ ನಮ್ಮ ನಾದಿನಿ ಬಂದಾಗ ಅತ್ತಿ ಒಂದು ಇಳಕಲ್ ಸೀರಿ ತಂದು ಉಡಿಸಿದ್ಲು. ಮಗನ್ನ ಕೇಳಲಿಲ್ಲ, ನನ್ನನ್ನ ಕೇಳಲಿಲ್ಲ. ಎಪ್ಪತ್ತು ದಾಟಿದ ಹೆಣ್ಣಮಗಳು ಮಗಳಿಗೆ ತನ್ನ ಸ್ವಂತ ರೊಕ್ಕದಿಂದ ಸೀರಿ ತಂದದ್ದು ಅದ ಮೊದಲಂತ. ನಾದಿನಿ ಕಣ್ಣೀರು ಹಾಕಿದ್ಲು. ಅತ್ತಿ ಮಾತ್ರ, "ಬಣ್ಣ ಹೋದ್ರ ಹೇಳು, ಅಂಗಡ್ಯಾಂವನ್ನ ಬಿಡೂದಿಲ್ಲ" ಅಂದ್ಲು.

ಕೂಲಿ ಕೊಡಬೇಕಂದ್ರ ದರ ಏರಿಸಬೇಕಾತು. ನಾಕರ ರೊಟ್ಟಿ ಐದು ಮಾಡಿದೆ. ಎರಡು ಖಾನಾವಳಿಯವರು ಬಿಟ್ಟುಹೋದ್ರು. ಎದಿ ಝಲ್ ಅಂತು. ಮಗಳು ವಹಿ ತೋರಿಸಿ, "ಇನ್ನೂರು ಮಾರಿ ಸೊನ್ನಿ ಲಾಭ ಮಾಡೂದಕ್ಕಿಂತ ನೂರೈವತ್ತು ಮಾರಿ ನಿದ್ದಿ ಮಾಡು" ಅಂದ್ಲು. ಆರು ತಿಂಗಳಿಗೆ ಒಬ್ಬರು ತಿರಿಗಿ ಬಂದ್ರು. ಇನ್ನೊಬ್ಬರು ಬರಲಿಲ್ಲ. ಬರದಿದ್ರ ಇರಲಿ.

ಬಿ.ಕಾಂ. ಓದಾಕಿ ಒಂದಿನ ಲಿಜ್ಜತ್ ಪಾಪಡದ ಕತಿ ಹೇಳಿದ್ಲು. 1959ರಾಗ ಮುಂಬೈಯ ಗಿರಗಾಂವದಾಗ ಏಳು ಮಂದಿ ಹೆಣ್ಣಮಕ್ಕಳು 80 ರೂಪಾಯಿ ಸಾಲಾ ತಗೊಂಡು ಮಾಳಿಗಿ ಮ್ಯಾಲೆ ಹಪ್ಪಳ ಲಟ್ಟಿಸಾಕ ಸುರು ಮಾಡಿದ್ರಂತ. ಇವತ್ತಿಗೂ ಅಲ್ಲಿ ಹಪ್ಪಳ ಲಟ್ಟಿಸೂ ಪ್ರತಿ ಹೆಣ್ಣಮಗಳೂ ಪಾಲುದಾರಳು. ನಾದಿದ ಹಿಟ್ಟು ಮನಿಗೆ ಒಯ್ತಾರ, ಮಕ್ಕಳನ್ನ ನೋಡಿಕೋತ ಲಟ್ಟಿಸಿ ಒಣಗಿಸಿ ತಂದು ಕೊಡತಾರ, ಲಟ್ಟಿಸಿದ್ದಕ್ಕ ಮಜೂರಿ ಬ್ಯಾರೆ, ಲಾಭದಾಗ ಪಾಲು ಬ್ಯಾರೆ. ಸುರು ಮಾಡಿದ ಏಳು ಮಂದ್ಯಾಗ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಾಗ ಪದ್ಮಶ್ರೀ ಬಂತು. ಟೀವಿಯೊಳಗ ಆ ಅಜ್ಜಿ ಸುದ್ದಿ ಬಂದಾಗ ನಮ್ಮ ಅತ್ತಿ, "ಆಕಿಗೂ ಕೈ ನೋಯತಿರಬೇಕು" ಅಂದ್ಲು. ನಮ್ಮದು ಅಷ್ಟು ದೊಡ್ಡದಲ್ಲ. ಆದ್ರ ಲಟ್ಟಿಸಿದಾಕಿ ಹೆಸರು ಲೆಕ್ಕದಾಗ ಇರಬೇಕು ಅನ್ನೂದು ದೊಡ್ಡದಕ್ಕೂ ಸಣ್ಣದಕ್ಕೂ ಒಂದ.

ಹಂಗಂತ ಎಲ್ಲಾನೂ ಲೆಕ್ಕಕ್ಕ ಹಚ್ಚಬೇಕು ಅಂತ ನಾ ಹೇಳೂದಿಲ್ಲ. 2019ರ ಆಗಸ್ಟ್ ನೆನಪೈತಲ್ಲ? ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟು ಘಟಪ್ರಭಾ ಊರೊಳಗ ಬಂದಿತ್ತು. ಅತ್ತ ಜಮಖಂಡಿ ಕಡೆ ಕೃಷ್ಣಾ ತುಂಬಿ ಹಳ್ಳಿ ಹಳ್ಳಿ ಖಾಲಿ ಆಗಿದ್ವು. ನಮ್ಮ ಮನಿ ಎತ್ತರದಾಗಿತ್ತು, ಉಳೀತು. ಗಂಜಿ ಕೇಂದ್ರಕ್ಕ ರೊಟ್ಟಿ ಬೇಕಂದ್ರು. ಓಣ್ಯಾನ ಹೆಣ್ಣಮಕ್ಕಳೆಲ್ಲಾ ನಮ್ಮ ಮನ್ಯಾಗ ಕೂಡಿದ್ರಿ, ನೀವೂ ಇದ್ರಿ. ಮೂರು ದಿನ ಹಂಚು ಆರಲಿಲ್ಲ. ಎಷ್ಟು ಚೀಲ ಜ್ವಾಳ ಹೋತು, ಎಷ್ಟು ರೊಟ್ಟಿ ಆದ್ವು, ಯಾರೂ ಬರೀಲಿಲ್ಲ. ವಹಿಯೊಳಗ ಆ ಮೂರು ದಿನದ ಹಾಳಿ ಖಾಲಿ ಐತಿ. ಮಗಳೇ ಖಾಲಿ ಬಿಟ್ಟಾಳ. ಮನಸ್ಸಿನಿಂದ ಕೊಟ್ಟದ್ದಕ್ಕ ಲೆಕ್ಕ ಬ್ಯಾಡ. ಕೇಳದನ ತಗೊಂಡದ್ದಕ್ಕ ಲೆಕ್ಕ ಬೇಕು. ಮನ್ಯಾಗಿನ ಮಂದಿ ಅಂದ ಕೂಡಲೇ ಎರಡೂ ಒಂದ ಅಂತ ನಾವು ತಿಳಕೋತೀವಿ, ಅಲ್ಲೇ ಎಡವತೀವಿ.

ನಮ್ಮ ಮನಿಯವ್ರ ಮಾತೂ ಹೇಳಬೇಕು. ಮಂದಿ ಏನಂದಾರು ಅಂದವರು ಮೆಲ್ಲಕ ಜ್ವಾಳದ ಚೀಲ ಗಿರಣಿಗೆ ಒಯ್ಯಾಕ ಸುರು ಮಾಡಿದ್ರು. ಮೊದಮೊದಲ ರಾತ್ರಿ ಕತ್ತಲಾಗ ಒಯ್ತಿದ್ರು. 2024ರಾಗ ಕಾರ್ಖಾನಿಯಿಂದ ನಿವೃತ್ತಿ ಆದ ಮ್ಯಾಲೆ ಹಾಡುಹಗಲ ಗಾಡಿಮ್ಯಾಲೆ ಬುಟ್ಟಿ ಕಟ್ಟಿಕೊಂಡು ಜಮಖಂಡಿ ತನಕ ಕೊಟ್ಟು ಬರತಾರ. ವಹಿಯೊಳಗ ಅವರ ಹೆಸರೂ ಐತಿ. ಹೋದ ತಿಂಗಳ ಪೆಟ್ರೋಲ್ ತುಟ್ಟಿ ಆಗೇತಿ, ಪಗಾರ ಏರಸು ಅಂತ ತಕರಾರು ತಗದಾರ. ವಿಚಾರ ಮಾಡತೀನಿ ಅಂತ ಹೇಳೀನಿ.

ಸೊಸಿ ಬಂದು ಎರಡು ವರ್ಷ ಆತು. ಬಿ.ಎ. ಓದ್ಯಾಳ. ಬಂದ ತಿಂಗಳದಾಗ ನೇರವಾಗಿ ಹೇಳಿದ್ಲು, "ಅತ್ತಿ, ನನಗ ರೊಟ್ಟಿ ಬಡಿಯಾಕ ಬರೂದಿಲ್ಲ, ಕಲಿಯೂ ಮನಸ್ಸೂ ಇಲ್ಲ. ಸಾಲಿಗೆ ಕಲಸಾಕ ಹೋಗತೀನಿ." ಒಂದು ಕ್ಷಣ ಹೊಟ್ಟಿಯೊಳಗ ಖಾರ ಬಿದ್ದಂಗ ಆತು. ಹೌದು ಅಂದೆ. ಈಗ ಬಾಜೂ ಹಳ್ಳಿಯಿಂದ ಇಬ್ಬರು ಹೆಣ್ಣಮಕ್ಕಳು ಬರತಾರ. 2023ರಿಂದ ನಮಗೆಲ್ಲಾ ಬಸ್ ಪುಕ್ಕಟೆ ಆದ ಮ್ಯಾಲೆ ಅವರಿಗೂ ಅನುಕೂಲ ಆತು. ಸೊಸಿ ರವಿವಾರ ಫೋನಿನ್ಯಾಗ ಆರ್ಡರ್ ಬರಕೋತಾಳ, ಅದಕ್ಕೂ ಕೂಲಿ ತಗೋತಾಳ. ಅತ್ತಿಗೆ ಎಂಬತ್ತು ದಾಟೇತಿ. ನಾದಾಕ ಆಗೂದಿಲ್ಲ. ಹಂಚಿನ ಮುಂದ ಕುಂತು, "ಇದು ಹಸಿ ಐತಿ, ಅದು ಕರಕಾತು" ಅಂತ ಹೇಳತಿರತಾಳ. ಶನಿವಾರ ಮಾತ್ರ ಮರೆಯೂದಿಲ್ಲ, ಮುಂಜಾನೇನ ಕೈ ಚಾಚತಾಳ.

ಮಗಳ ಮದುವಿ 2023ರಾಗ ಆತು. ಹಿಂದಿನ ದಿನ ರಾತ್ರಿ ಆಕಿನ್ನ ಅಡಗಿ ಮನಿಗೆ ಕರದು ಒಂದು ಪಾಕೀಟು ಕೈಯಾಗ ಇಟ್ಟೆ. 45,000 ರೂಪಾಯಿ. ಎರಡು ವರ್ಷ, ವರ್ಷಕ್ಕ 300 ದಿನ, ದಿನಕ್ಕ 75. "ಇದು ಉಡುಗೊರಿ ಅಲ್ಲ, ನಿನ್ನ ಕೂಲಿ. ತಡಾ ಆತು" ಅಂದೆ. ಆಕಿ ಬಾಯಾಗ ಲೆಕ್ಕ ಮಾಡಿ, "ಬಡ್ಡಿ?" ಅಂದ್ಲು. ಇಬ್ಬರೂ ನಕ್ಕೆವು. ಆಮ್ಯಾಲೆ ಇಬ್ಬರೂ ಅತ್ತೆವು. ಅಗ್ರಿ ಸೀಟಿನ ಮಾತು ಆಕಿನೂ ತಗೀಲಿಲ್ಲ, ನಾನೂ ತಗೀಲಿಲ್ಲ. ಈಗ ಜಮಖಂಡಿಯೊಳಗ ಲೆಕ್ಕಪತ್ರದ ಕೆಲಸಕ್ಕ ಹೋಗತಾಳ. ತಿಂಗಳಿಗೊಮ್ಮಿ ಬಂದಾಗ ವಹಿ ತಗದು ಕೆಂಪು ಪೆನ್ನಿಲೆ ನನ್ನ ತಪ್ಪು ತಿದ್ದತಾಳ.

ತಂಗಿ ಮಗಳಿಗೆ ಈಗ ಖರೇ ಉತ್ತರ ಹೇಳತೀನಿ. ಸುರು ಮಾಡು ತಂಗಿ. ಆಹಾರ ಪರವಾನಗಿ ಅಂದ್ರ ಅಂಜಬ್ಯಾಡ. ನಮ್ಮಂಥಾ ಸಣ್ಣ ವ್ಯಾಪಾರಕ್ಕ ಎಫ್‌ಎಸ್‌ಎಸ್‌ಎಐ ನೋಂದಣಿ ಐತಿ, ನಾ ಮಾಡಿಸಿದಾಗ ವರ್ಷಕ್ಕ 100 ರೂಪಾಯಿ ಫೀ ಇತ್ತು. ಮನಿ ಖರ್ಚಿನ ರೊಕ್ಕ, ವ್ಯಾಪಾರದ ರೊಕ್ಕ ಎರಡು ಡಬ್ಬಿಯೊಳಗ ಬ್ಯಾರೆ ಬ್ಯಾರೆ ಇಡು. ದರ ಹೇಳೂ ಮುಂಚೆ ನಿನ್ನ ಕೂಲಿ ಕೂಡಿಸಿಕೋ, ಶೇಂಗಾ ಬೆಲ್ಲ ಅಷ್ಟ ಕೂಡಿಸಬ್ಯಾಡ. ಮಕ್ಕಳ ಪರೀಕ್ಷಾ ತಿಂಗಳು ಕ್ಯಾಲೆಂಡರಿನ್ಯಾಗ ಮೊದಲ ಗುರುತು ಹಾಕು, ಆ ತಿಂಗಳು ದೊಡ್ಡ ಆರ್ಡರ್ ಹಿಡಿಬ್ಯಾಡ. ಹಿಡದ್ರ ಹೊರಗಿನವರನ್ನ ಕರಿ, ಲಾಭ ಹೋದ್ರ ಹೋಗಲಿ. ನಿನ್ನ ಅತ್ತಿ ಶೇಂಗಾ ಹುರದು ಕೊಟ್ರ, ಮಗಳು ಕವರ್ ಹಚ್ಚಿದ್ರ, ಅವರ ಹೆಸರು ಬರಿ. ಅವರು ಬ್ಯಾಡಂದ್ರೂ ಬರಿ.

ಮತ್ತ, ದಿನಾ ಮೊದಲ ಮಾಡಿದ ಇಡೀ ಹೋಳಿಗಿ ಮನಿ ಮಕ್ಕಳ ತಾಟಿಗೆ ಹಾಕು. ಮುರದದ್ದು ಬೇಕಾದ್ರ ನೀನೂ ನಿನ್ನ ಗಂಡನೂ ಹಂಚಿಕೊಂಡು ತಿನ್ರಿ.

ಇಷ್ಟು ಬರೆಯೂದ್ರಾಗ ನಾಕು ಬಡೀತು. ನಾಳೆ ಬನಹಟ್ಟಿಗೆ 250 ರೊಟ್ಟಿ ಕಳಿಸೂದೈತಿ, ಜ್ವಾಳ ಹಸನ ಮಾಡಬೇಕು. ಉಳದದ್ದು ಸಂಜಿಮುಂದ ಕಟ್ಟಿಮ್ಯಾಲೆ ಕುಂತು ಮಾತಾಡೂಣು, ಬರ್ರಿ.